ತೆಳ್ಳೇವಿನ ಕಾವಲಿಯ ಕಬ್ಬಿಣ ಯಾವ ನಕ್ಷತ್ರದ್ದು?

ಪ್ರಶ್ನೆ: ನಾನು ಕುಮಟಾದವಳು. ಮಗಳು ಒಂಬತ್ತನೇ ಕ್ಲಾಸು. ಸೂರ್ಯನಲ್ಲಿ ಹೈಡ್ರೋಜನ್ ಕೂಡಿ ಹೀಲಿಯಂ ಆಗುತ್ತದೆ ಅಂತ ಓದಿದವಳು, ಹಾಗಾದರೆ ಕಬ್ಬಿಣ, ಬಂಗಾರ ಎಲ್ಲಿಂದ ಬಂತು ಅಂತ ಕೇಳಿದಳು. ಹುಡುಕಿದರೆ ಎಲ್ಲ ಕಡೆ "ನಕ್ಷತ್ರ ಸ್ಫೋಟದಿಂದ" ಅಂತಿದೆ. ಅದಕ್ಕೆ ಅವಳು, "ಸ್ಫೋಟ ಅಂದ್ರೆ ಇದ್ದಿದ್ದನ್ನ ಹಾಳು ಮಾಡೋದಲ್ವಾ? ಅದು ಹೊಸದನ್ನ ಹೇಗೆ ಮಾಡುತ್ತೆ?" ಅಂದಳು. ನನಗೆ ಉತ್ತರ ಗೊತ್ತಾಗಲಿಲ್ಲ. ಇನ್ನೊಂದು, ಹತ್ತಿರದ ನಕ್ಷತ್ರ ಯಾವುದಾದರೂ ಸಿಡಿದರೆ ನಮಗೆ ಅಪಾಯ ಇದೆಯಾ?

ಉತ್ತರ: ನಿಮ್ಮ ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ಈ ವಿಷಯ ಹೇಳುವ ಹೆಚ್ಚಿನವರು "ನಾವೆಲ್ಲ ನಕ್ಷತ್ರದ ಧೂಳು" ಅಂದು ಮುಗಿಸಿಬಿಡುತ್ತಾರೆ. ಕೇಳಲು ಚಂದ. ಆದರೆ ಯಾವ ನಕ್ಷತ್ರ, ಯಾವ ಧೂಳು ಅಂತ ಕೇಳಿದರೆ ಒಂದೊಂದು ವಸ್ತುವಿಗೆ ಒಂದೊಂದು ಉತ್ತರ. ನಿಮ್ಮ ಬಾವಿ ನೀರಿನ ಹೈಡ್ರೋಜನ್, ತೆಳ್ಳೇವು ಹೊಯ್ಯುವ ಕಾವಲಿಯ ಕಬ್ಬಿಣ, ಕಿವಿಯೋಲೆಯ ಬಂಗಾರ, ಇವು ಒಂದೇ ಒಲೆಯಲ್ಲಿ ಬೆಂದವಲ್ಲ. ಕೆಲವಕ್ಕೆ ಸ್ಫೋಟವೇ ಬೇಕಾಗಿಲ್ಲ. ಕೆಲವು ಮೊದಲೇ ಬೆಂದು ತಯಾರಾಗಿದ್ದವು, ಸ್ಫೋಟ ಬಂದು ಬಡಿಸಿತು ಅಷ್ಟೇ. ಇನ್ನು ಕೆಲವು ಮಾತ್ರ ಸ್ಫೋಟದ ಆ ಕೆಲವೇ ಕ್ಷಣಗಳಲ್ಲಿ ಹುಟ್ಟಿದವು. ಕಾವಲಿಯ ಕಬ್ಬಿಣ ಈ ಕೊನೆಯ ಗುಂಪಿನದು. ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟದ ಭಾಗ ಅದು, ಆಮೇಲೆ ಬರುತ್ತೇನೆ.

ಮೊದಲು ಹೈಡ್ರೋಜನ್ ಲೆಕ್ಕ ಮುಗಿಸೋಣ. ಸುಮಾರು 1380 ಕೋಟಿ ವರ್ಷಗಳ ಹಿಂದೆ ಮಹಾಸ್ಫೋಟವಾದ ಮೇಲೆ, ಮೊದಲ ಕೆಲವೇ ನಿಮಿಷಗಳಲ್ಲಿ ತಯಾರಾಗಿದ್ದು ತೂಕದಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್, ಕಾಲು ಪಾಲು ಹೀಲಿಯಂ, ಜೊತೆಗೆ ಒಂದು ಚಿಟಿಕೆ ಲಿಥಿಯಂ. ಅಷ್ಟು ಹೊತ್ತಿಗೆ ವಿಶ್ವ ಹಿಗ್ಗಿ ತಣ್ಣಗಾಗಿ ಒಲೆ ಆರಿಹೋಯಿತು. ಇಂಗಾಲ ಇಲ್ಲ, ಆಮ್ಲಜನಕ ಇಲ್ಲ, ಕಬ್ಬಿಣದ ಮಾತೇ ಇಲ್ಲ. ಅಂದರೆ ಬಾವಿಯಿಂದ ಸೇದಿದ ಒಂದು ಕೊಡ ನೀರಿನಲ್ಲಿರುವ ಹೈಡ್ರೋಜನ್ ಎಲ್ಲ ನಕ್ಷತ್ರಗಳಿಗಿಂತ ಹಳೆಯದು. ನಮ್ಮ ಮೈತೂಕದಲ್ಲಿ ಸುಮಾರು ಹತ್ತನೇ ಒಂದು ಪಾಲು ಹೈಡ್ರೋಜನ್ನೇ ಇದೆ. ಅಷ್ಟರ ಮಟ್ಟಿಗೆ ನಾವು ನಕ್ಷತ್ರದ ಧೂಳಲ್ಲ.

ಉಳಿದ ಅಡುಗೆ ನಕ್ಷತ್ರಗಳದ್ದು. ನಾನು ಶಿರಸಿ ಕಡೆ ಬೆಳೆದವನು, ಹಾಗಾಗಿ ಇದನ್ನು ಪಾಠ ಮಾಡುವಾಗೆಲ್ಲ ಆಲೆಮನೆ ನೆನಪಾಗುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಹಾಕಿ ಬೆಂಕಿ ಇಟ್ಟರೆ ಗಂಟೆಗಟ್ಟಲೆ ಏನೂ ಆದಂತೆ ಕಾಣುವುದಿಲ್ಲ, ನಾವು ಮಕ್ಕಳು ಬೇಸರ ಬಂದು ಆಡಲು ಹೋಗುತ್ತಿದ್ದೆವು. ಆಮೇಲೆ ಗಟ್ಟಿಯಾಗಲು ಶುರುವಾದರೆ ಒಂದರ ಹಿಂದೆ ಒಂದು ಬದಲಾವಣೆ. ಕೊನೆಯ ಪಾಕದ ಹೊತ್ತಿಗೆ ಒಂದು ನಿಮಿಷ ಆಚೀಚೆ ಆದರೂ ಬೆಲ್ಲ ಕೆಟ್ಟಿತು ಅಂತ ದೊಡ್ಡವರು ಯಾರ ಮಾತಿಗೂ ಸಿಗುತ್ತಿರಲಿಲ್ಲ. ದೊಡ್ಡ ನಕ್ಷತ್ರದ ಬದುಕು ಹೀಗೇ ನಡೆಯುತ್ತದೆ. ಸೂರ್ಯನ 25 ಪಟ್ಟು ತೂಕದ ಒಂದು ನಕ್ಷತ್ರ ತಗೊಳ್ಳಿ. ಹೈಡ್ರೋಜನ್ ಉರಿಸಿ ಹೀಲಿಯಂ ಮಾಡಲು ಅದಕ್ಕೆ ಸುಮಾರು 70 ಲಕ್ಷ ವರ್ಷ ಬೇಕು. ಹೀಲಿಯಂ ಉರಿಸಿ ಇಂಗಾಲ, ಆಮ್ಲಜನಕ ಮಾಡಲು ಕೆಲವು ಲಕ್ಷ ವರ್ಷ. ಇಂಗಾಲ ಉರಿಯುವುದು ಸುಮಾರು 600 ವರ್ಷ. ನಿಯಾನ್ ಒಂದು ವರ್ಷ. ಆಮ್ಲಜನಕ ಆರು ತಿಂಗಳು. ಕೊನೆಯ ಸಿಲಿಕಾನ್? ಒಂದೇ ದಿನ!

ಯಾಕೆ ಹೀಗೆ? ಪರಮಾಣುವಿನ ನಟ್ಟನಡುವಿನ ಗಟ್ಟಿ ಕಾಳಿಗೆ ನ್ಯೂಕ್ಲಿಯಸ್ ಅನ್ನುತ್ತಾರೆ, ಪ್ರೋಟಾನ್, ನ್ಯೂಟ್ರಾನ್ ಅನ್ನುವ ಕಣಗಳು ಕೂಡಿ ಆದದ್ದು. ನ್ಯೂಕ್ಲಿಯಸ್‌ಗಳಿಗೆಲ್ಲ ಧನ ಆವೇಶ ಇರುತ್ತದೆ, ಒಂದನ್ನೊಂದು ದೂಡುತ್ತವೆ. ಅವನ್ನು ಕೂಡಿಸಬೇಕಾದರೆ ಜೋರಾಗಿ ಡಿಕ್ಕಿ ಹೊಡೆಸಬೇಕು, ಅಂದರೆ ಬಿಸಿ ಬೇಕು. ಸೂರ್ಯನ ನಡುವಿನಲ್ಲಿ ಸುಮಾರು 1.5 ಕೋಟಿ ಡಿಗ್ರಿ ಇದೆ, ಹೈಡ್ರೋಜನ್‌ಗೆ ಅದು ಸಾಕು. ಹೀಲಿಯಂಗೆ ಸುಮಾರು 10 ಕೋಟಿ ಬೇಕು. ಸಿಲಿಕಾನ್ ಹಂತಕ್ಕೆ ಹೋದರೆ 300 ಕೋಟಿ. ಇಷ್ಟು ಬಿಸಿ ಎಲ್ಲಿಂದ ಅಂದರೆ ನಕ್ಷತ್ರದ ಸ್ವಂತ ಭಾರದಿಂದ. ಒಳಗಿನ ಉರುವಲು ಮುಗಿದಾಗ ಮೇಲಿನ ಭಾರ ಒತ್ತುತ್ತದೆ, ನಡುಭಾಗ ಕುಗ್ಗಿ ಇನ್ನೂ ಕಾಯುತ್ತದೆ, ಹಿಂದಿನ ಬೂದಿಯೇ ಮುಂದಿನ ಸೌದೆಯಾಗುತ್ತದೆ. ಸೂರ್ಯನಿಗೆ ಅಷ್ಟು ಭಾರ ಇಲ್ಲ. ಅವನು ಇಂಗಾಲ, ಆಮ್ಲಜನಕದವರೆಗೆ ಹೋಗಿ ನಿಲ್ಲುತ್ತಾನೆ, ಸಿಡಿಯುವುದಿಲ್ಲ. ಹೊರಪದರಗಳನ್ನು ನಿಧಾನಕ್ಕೆ ಊದಿಬಿಟ್ಟು, ನಡುವೆ ಶ್ವೇತಕುಬ್ಜ ಅನ್ನುವ ಒಂದು ಕೆಂಡದುಂಡೆ ಉಳಿಸುತ್ತಾನೆ. ನಿಮ್ಮ ಮೈಯಲ್ಲಿರುವ ಇಂಗಾಲದಲ್ಲಿ ಒಳ್ಳೆಯ ಪಾಲು, ಸಾರಜನಕದಲ್ಲಿ ಇನ್ನೂ ಜಾಸ್ತಿ ಪಾಲು, ಹೀಗೆ ಸದ್ದಿಲ್ಲದೆ ಸತ್ತ ನಕ್ಷತ್ರಗಳದ್ದು. ಸ್ಫೋಟದ ಗದ್ದಲದಲ್ಲಿ ಇವುಗಳನ್ನು ಯಾರೂ ನೆನೆಯುವುದಿಲ್ಲ.

ದೊಡ್ಡ ನಕ್ಷತ್ರದ ಕಥೆ ಬೇರೆ. ದೊಡ್ಡದು ಅಂದರೆ ಸೂರ್ಯನ ಸುಮಾರು ಎಂಟು ಪಟ್ಟಿಗಿಂತ ಹೆಚ್ಚು ತೂಕದ್ದು. ಅದರ ಕೊನೆಯ ದಿನ ಹೇಗಿರುತ್ತದೆ ಅಂತ ಮಗಳಿಗೆ ತೋರಿಸಬೇಕಾದರೆ ದೂರ ಹೋಗಬೇಡಿ. ನಿಮ್ಮೂರ ಹೈವೇ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುತ್ತಾರಲ್ಲ, ಆ ಸಿಹಿ ಈರುಳ್ಳಿ ಒಂದು ತಂದು ಅಡ್ಡ ಕೊಯ್ಯಿರಿ. ಹೊರಗಿನ ಪದರ ಹೈಡ್ರೋಜನ್, ಅದರ ಒಳಗೆ ಹೀಲಿಯಂ, ಆಮೇಲೆ ಇಂಗಾಲ, ನಿಯಾನ್, ಆಮ್ಲಜನಕ, ಸಿಲಿಕಾನ್, ನಟ್ಟನಡುವೆ ಕಬ್ಬಿಣ. ಈರುಳ್ಳಿಯ ಪದರಗಳು ಹೆಚ್ಚುಕಮ್ಮಿ ಒಂದೇ ದಪ್ಪ, ನಕ್ಷತ್ರದಲ್ಲಿ ಹಾಗಲ್ಲ. ಹೊರಗಿನ ಹೈಡ್ರೋಜನ್ ಪದರ ಕೋಟಿಗಟ್ಟಲೆ ಕಿಲೋಮೀಟರ್ ಹಬ್ಬಿದ್ದರೆ ನಡುವಿನ ಕಬ್ಬಿಣದ ಉಂಡೆ ಭೂಮಿಗಿಂತಲೂ ಚಿಕ್ಕದು. ಆದರೆ ತೂಕ ಸೂರ್ಯನಿಗಿಂತ ಹೆಚ್ಚು.

ಕಬ್ಬಿಣಕ್ಕೆ ಬಂದಲ್ಲಿ ಅಡುಗೆ ನಿಲ್ಲುತ್ತದೆ. ಅಲ್ಲಿಯವರೆಗೆ ಎರಡು ನ್ಯೂಕ್ಲಿಯಸ್ ಕೂಡಿದರೆ ಶಕ್ತಿ ಹೊರಗೆ ಬರುತ್ತಿತ್ತು. ಕಬ್ಬಿಣ, ನಿಕಲ್ ಗುಂಪಿನಲ್ಲಿ ಕಣಗಳು ಎಷ್ಟು ಬಿಗಿಯಾಗಿ ಕಟ್ಟಿಕೊಂಡಿವೆ ಅಂದರೆ, ಮುಂದಕ್ಕೆ ಕೂಡಿಸಲು ನಾವೇ ಕೈಯಿಂದ ಶಕ್ತಿ ಹಾಕಬೇಕು. ಒಲೆ ಉರಿಯುವ ಬದಲು ಬಿಸಿ ನುಂಗಲು ಶುರು ಮಾಡಿದಂತೆ. ಇತ್ತ ಸಿಲಿಕಾನ್ ಉರಿದು ಕಬ್ಬಿಣದ ಉಂಡೆ ಬೆಳೆಯುತ್ತಲೇ ಇರುತ್ತದೆ, ಸೂರ್ಯನ ಸುಮಾರು 1.4 ಪಟ್ಟು ತೂಕಕ್ಕೆ ಬಂದಾಗ ತನ್ನ ಭಾರ ತಾನೇ ತಾಳುವುದಿಲ್ಲ. ಈ 1.4 ಅನ್ನುವ ಸಂಖ್ಯೆಯ ಹಿಂದೆ ನಮ್ಮವರೇ ಇದ್ದಾರೆ. 1930ರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಮುಂಬಯಿಯಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಓದಲು ಹೊರಟಾಗ ಅವರಿಗೆ 19 ವರ್ಷ. ಆ ಪ್ರಯಾಣದಲ್ಲಿ ಬೇಸರ ಕಳೆಯಲು ಶ್ವೇತಕುಬ್ಜಗಳ ಲೆಕ್ಕ ಮಾಡುತ್ತ ಇಂಥದ್ದೊಂದು ಮಿತಿ ಇದೆ ಅಂತ ಕಂಡುಕೊಂಡರು. ಕಾರವಾರದ ಕಡಲತೀರದಲ್ಲಿ ನಿಂತು ನೋಡಿದರೆ ಕಾಣುವ ಇದೇ ಅರಬ್ಬಿ ಸಮುದ್ರ ದಾಟಿಯೇ ಆ ಹಡಗು ಹೋಗಿದ್ದು. ನೊಬೆಲ್ ಬಂದಿದ್ದು 1983ರಲ್ಲಿ! ಅದೇ ವರ್ಷ ಅದೇ ಬಹುಮಾನ ಹಂಚಿಕೊಂಡ ವಿಲಿಯಂ ಫೌಲರ್, ನಕ್ಷತ್ರಗಳಲ್ಲಿ ಧಾತುಗಳು ಹೇಗೆ ಹುಟ್ಟುತ್ತವೆ ಅಂತ 1957ರಲ್ಲಿ ಮಾರ್ಗರೆಟ್ ಬರ್ಬಿಜ್, ಜೆಫ್ರಿ ಬರ್ಬಿಜ್, ಫ್ರೆಡ್ ಹೊಯ್ಲ್ ಜೊತೆ ಸೇರಿ ಬರೆದವರು. ನಾನು ಇಲ್ಲಿ ಹೇಳುತ್ತಿರುವುದರಲ್ಲಿ ಅರ್ಧದಷ್ಟು ಆ ಒಂದು ಪ್ರಬಂಧದ ಋಣ.

ಈಗ ಮಗಳ ಪ್ರಶ್ನೆಗೆ ಬರೋಣ. ಹಾಳು ಮಾಡುವುದಲ್ವಾ ಅಂತ ಕೇಳಿದ್ದಾಳೆ. ಹೌದು, ಮೊದಲು ಆಗುವುದು ಅದೇ. ಕಬ್ಬಿಣದ ಉಂಡೆ ಕುಸಿಯಲು ಒಂದು ಸೆಕೆಂಡೂ ಬೇಡ. ಕುಸಿಯುವ ವೇಗ ಸೆಕೆಂಡಿಗೆ ಹತ್ತಾರು ಸಾವಿರ ಕಿಲೋಮೀಟರ್. ಆ ಬಿಸಿಗೆ ಕಬ್ಬಿಣದ ನ್ಯೂಕ್ಲಿಯಸ್‌ಗಳು ಒಡೆದು ಚೂರಾಗುತ್ತವೆ, ಲಕ್ಷಾಂತರ ವರ್ಷ ಕಷ್ಟಪಟ್ಟು ಕಟ್ಟಿದ್ದು ಕಣ್ಣು ಮಿಟುಕಿಸುವುದರೊಳಗೆ ವಾಪಸ್ ಬಿಡಿ ಕಣಗಳಾಗಿ, ಪ್ರೋಟಾನ್‌ಗಳಿಗೆ ಎಲೆಕ್ಟ್ರಾನ್‌ಗಳು ಒತ್ತಿಕೊಂಡು ನ್ಯೂಟ್ರಾನ್‌ಗಳಾಗಿ, ಕೊನೆಗೆ ಉಳಿಯುವುದು ಸುಮಾರು 20 ಕಿಲೋಮೀಟರ್ ಅಡ್ಡಳತೆಯ ನ್ಯೂಟ್ರಾನ್ ಉಂಡೆ. ಕಾರವಾರದಿಂದ ಅಂಕೋಲಾಕ್ಕೆ ಹೋಗುವ ದಾರಿಯಷ್ಟೂ ಉದ್ದ ಇಲ್ಲ, ತೂಕ ಸೂರ್ಯನಿಗಿಂತ ಜಾಸ್ತಿ.

ಅಂದರೆ ನಕ್ಷತ್ರ ತನ್ನ ಹೊಟ್ಟೆಯಲ್ಲಿ ಮಾಡಿಟ್ಟ ಆ ಕಬ್ಬಿಣ ನಮಗೆ ಸಿಗುವುದೇ ಇಲ್ಲ. "ನಕ್ಷತ್ರದ ಒಡಲಿನ ಕಬ್ಬಿಣ ಸ್ಫೋಟದಲ್ಲಿ ಹೊರಬಂದು ನಮ್ಮ ರಕ್ತ ಸೇರಿತು" ಅಂತ ಎಷ್ಟೋ ಕಡೆ ಬರೆದಿರುತ್ತಾರೆ, ನಾನೇ ಪಿಯುಸಿಯಲ್ಲಿ ಹಾಗೆ ಉತ್ತರ ಬರೆದು ಪೂರ್ತಿ ಅಂಕ ತಗೊಂಡಿದ್ದೇನೆ. ತಪ್ಪು. ಆ ಕಬ್ಬಿಣ ನ್ಯೂಟ್ರಾನ್ ನಕ್ಷತ್ರದೊಳಗೆ ಹೂತುಹೋಯಿತು. ಕಾವಲಿಯ ಕಬ್ಬಿಣ ಬೇರೆ.

ಅದು ಹೇಗೆ ಅಂತ ನೋಡಿ. ಕುಸಿದು ಬಿದ್ದ ವಸ್ತು ನಡುವಿನ ಗಟ್ಟಿ ಉಂಡೆಗೆ ಬಡಿದು ಹಿಂದಕ್ಕೆ ಪುಟಿಯುತ್ತದೆ. ಈ ಪುಟಿತದ ಅಲೆ ಹೊರಗೆ ಹೊರಟು, ಸ್ವಲ್ಪ ದೂರ ಹೋಗಿ ಸುಸ್ತಾಗಿ ನಿಂತುಬಿಡುತ್ತದೆ. ಆಗ ಅದಕ್ಕೆ ಮತ್ತೆ ಜೀವ ಕೊಡುವುದು ನ್ಯೂಟ್ರಿನೋ ಅನ್ನುವ ಕಣಗಳು. ಕುಸಿತದಲ್ಲಿ ಹುಟ್ಟಿದ ಶಕ್ತಿಯಲ್ಲಿ ನೂರಕ್ಕೆ 99 ಪಾಲು ಇವೇ ಹೊತ್ತುಕೊಂಡು ಹೋಗುತ್ತವೆ. ನಾವು ನೋಡುವ ಆ ಕಣ್ಣು ಕೋರೈಸುವ ಬೆಳಕು ಒಂದು ಪಾಲಿನ ಒಳಗೂ ಒಂದು ಚೂರು. ಅಲೆ ಸಿಲಿಕಾನ್ ಪದರವನ್ನೂ ಆಮ್ಲಜನಕದ ಪದರವನ್ನೂ ಹೊಕ್ಕಾಗ ಅಲ್ಲಿ ಕೆಲವು ನೂರು ಕೋಟಿ ಡಿಗ್ರಿ ಬಿಸಿ ಏರುತ್ತದೆ. ಇದ್ದ ನ್ಯೂಕ್ಲಿಯಸ್‌ಗಳು ಒಡೆಯುತ್ತವೆ, ಚೂರುಗಳು ಹೊಸ ರೀತಿಯಲ್ಲಿ ಕೂಡುತ್ತವೆ, ಆದರೆ ಹಿಗ್ಗುತ್ತ ತಣ್ಣಗಾಗಲು ಒಂದೆರಡು ಸೆಕೆಂಡು ಸಾಕು. ಹಾಳು ಮಾಡುವುದು, ಕಟ್ಟುವುದು ಎರಡೂ ಅಷ್ಟರೊಳಗೇ ಆಗಬೇಕು.

ಸಿಲಿಕಾನ್‌ನಲ್ಲಿ 14 ಪ್ರೋಟಾನ್, 14 ನ್ಯೂಟ್ರಾನ್. ಆಮ್ಲಜನಕದಲ್ಲಿ ಎಂಟು, ಎಂಟು. ಎರಡೂ ಸಮ ಸಮ. ನಮ್ಮ ಕಬ್ಬಿಣದಲ್ಲಿ ಹಾಗಿಲ್ಲ, 26 ಪ್ರೋಟಾನ್‌ಗೆ 30 ನ್ಯೂಟ್ರಾನ್. ಪ್ರೋಟಾನ್ ನ್ಯೂಟ್ರಾನ್ ಆಗಿ ಬದಲಾಗಲು ಸಮಯ ಹಿಡಿಯುತ್ತದೆ, ಈ ಅವಸರದಲ್ಲಿ ಅದಕ್ಕೆ ಪುರುಸೊತ್ತಿಲ್ಲ. ಹಾಗಾಗಿ ಸ್ಫೋಟದಲ್ಲಿ ನೇರವಾಗಿ ಕಬ್ಬಿಣ ಆಗುವುದು ಕಡಿಮೆ. ಆಗುವುದು ನಿಕಲ್-56, 28 ಪ್ರೋಟಾನ್, 28 ನ್ಯೂಟ್ರಾನ್. ಇದು ಸ್ಥಿರವಾಗಿ ಕೂರುವ ನಿಕಲ್ ಅಲ್ಲ. ಆರು ದಿನಕ್ಕೆ ಅರ್ಧದಷ್ಟು ಕೋಬಾಲ್ಟ್ ಆಗುತ್ತದೆ. ಕೋಬಾಲ್ಟ್-56, ಸುಮಾರು 77 ದಿನಕ್ಕೆ ಅರ್ಧದ ಲೆಕ್ಕದಲ್ಲಿ, ಕಬ್ಬಿಣ ಆಗುತ್ತದೆ. ಕಾವಲಿಯಲ್ಲಿರುವ ಕಬ್ಬಿಣದ ಬಹುಪಾಲು ಒಂದು ಕಾಲಕ್ಕೆ ಕೋಬಾಲ್ಟ್, ಅದಕ್ಕೂ ಮೊದಲು ನಿಕಲ್.

ಇದು ಬರೀ ಲೆಕ್ಕದ ಮಾತಲ್ಲ, ನೋಡಿದ್ದಾರೆ. 1987ರ ಫೆಬ್ರವರಿ 23ರಂದು ನಮ್ಮ ಪಕ್ಕದ ಸಣ್ಣ ಗೆಲಾಕ್ಸಿಯಾದ ದೊಡ್ಡ ಮೆಗಲನ್ ಮೋಡದಲ್ಲಿ ಒಂದು ನಕ್ಷತ್ರ ಸಿಡಿದ ಬೆಳಕು ನಮಗೆ ತಲುಪಿತು. ದೂರ ಸುಮಾರು 1.68 ಲಕ್ಷ ಜ್ಯೋತಿರ್ವರ್ಷ, ಆದರೂ ಬರಿಗಣ್ಣಿಗೆ ಕಂಡಿತು. ಬೆಳಕಿಗಿಂತ ಕೆಲವು ಗಂಟೆ ಮೊದಲೇ ಜಪಾನ್, ಅಮೆರಿಕ, ರಷ್ಯಾಗಳ ನೆಲದಡಿಯ ಉಪಕರಣಗಳಲ್ಲಿ ಎಲ್ಲ ಸೇರಿ ಎರಡು ಡಜನ್ ನ್ಯೂಟ್ರಿನೋಗಳು ಸಿಕ್ಕಿದ್ದವು. ಎರಡು ಡಜನ್! ಅಷ್ಟೇ ಸಾಕಾಯಿತು, ಕುಸಿತದ ಇಡೀ ಸಿದ್ಧಾಂತಕ್ಕೆ ಸಾಕ್ಷಿ ಅದೇ. ಆಮೇಲೆ ತಿಂಗಳುಗಟ್ಟಲೆ ಆ ಬೆಳಕು ಮಂಕಾಗುತ್ತ ಹೋದ ರೀತಿ ಇದೆಯಲ್ಲ, ಸರಿಯಾಗಿ 77 ದಿನಕ್ಕೆ ಅರ್ಧ, ಮತ್ತೆ 77 ದಿನಕ್ಕೆ ಅದರ ಅರ್ಧ. ಕೋಬಾಲ್ಟ್ ಕಬ್ಬಿಣ ಆಗುತ್ತಿರುವುದನ್ನು ಗಡಿಯಾರ ಹಿಡಿದು ನೋಡಿದ ಹಾಗೆ. ಲೆಕ್ಕ ಹಾಕಿದರೆ ಸೂರ್ಯನ ತೂಕದ 0.07 ಪಾಲು ನಿಕಲ್ ಅಲ್ಲಿ ಹುಟ್ಟಿತ್ತು. ಸುಮ್ನೆ ಚಿಕ್ಕದು ಅನ್ನಿಸಬಹುದು, ಆದರೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಭೂಮಿಗಳ ತೂಕ ಅದು. ಆಗ ನನಗೆ ಹದಿನೇಳು ವರ್ಷ, ಪರೀಕ್ಷೆ ಹತ್ತಿರ ಬಂದಿತ್ತು, ಪೇಪರಿನಲ್ಲಿ ಸಣ್ಣ ಸುದ್ದಿ ಓದಿ ದಿನವಿಡೀ ಅದೇ ಯೋಚನೆ. ಪರೀಕ್ಷೆಯ ಕಥೆ ಕೇಳಬೇಡಿ.

ಕಬ್ಬಿಣಕ್ಕೆ ಇನ್ನೊಂದು ದೊಡ್ಡ ಅಂಗಡಿ ಇದೆ. ಸೂರ್ಯನಂಥವು ಸತ್ತು ಶ್ವೇತಕುಬ್ಜ ಉಳಿಯುತ್ತದೆ ಅಂದೆನಲ್ಲ, ಅದಕ್ಕೆ ಹತ್ತಿರದಲ್ಲೇ ಜೋಡಿ ನಕ್ಷತ್ರ ಇದ್ದರೆ ಅದರಿಂದ ಅನಿಲ ಎಳೆದುಕೊಂಡು, ಅಥವಾ ಎರಡು ಶ್ವೇತಕುಬ್ಜಗಳು ಒಂದಕ್ಕೊಂದು ಬಡಿದುಕೊಂಡು, ಒಳಗಿನ ಇಂಗಾಲಕ್ಕೆ ಒಮ್ಮೆಲೇ ಬೆಂಕಿ ಹತ್ತುತ್ತದೆ. ಇಲ್ಲಿ ಕುಸಿತ ಇಲ್ಲ, ನ್ಯೂಟ್ರಾನ್ ಉಂಡೆಯೂ ಉಳಿಯುವುದಿಲ್ಲ, ಇಡೀ ನಕ್ಷತ್ರವೇ ಚೂರು. ಇಂಥ ಒಂದು ಸ್ಫೋಟದಲ್ಲಿ ಸೂರ್ಯನ ತೂಕದ ಅರ್ಧಕ್ಕಿಂತ ಹೆಚ್ಚು ನಿಕಲ್ ಹುಟ್ಟುತ್ತದೆ, ಅಂದರೆ 1987ರದ್ದಕ್ಕಿಂತ ಏಳೆಂಟು ಪಟ್ಟು. ನಮ್ಮ ಗೆಲಾಕ್ಸಿಯ ಕಬ್ಬಿಣದಲ್ಲಿ ಅರ್ಧದಷ್ಟೋ ಅದಕ್ಕೂ ಜಾಸ್ತಿಯೋ ಇವುಗಳಿಂದಲೇ ಬಂದಿದೆ. ಘಟ್ಟದ ಕೆಳಗೆ ಮನೆಗೋಡೆಗೆ ಇಡುವ ಚಿರೆಕಲ್ಲಿನ ಆ ಕೆಂಪು ಬಣ್ಣ ಇದೆಯಲ್ಲ, ಅದು ಕಬ್ಬಿಣದ ತುಕ್ಕು. ಗೋಡೆ ತುಂಬ ಸ್ಫೋಟದ ಕಬ್ಬಿಣ.

ಬಡಿಸುವ ಕೆಲಸ ಅಂದೆ, ಅದರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಆಮ್ಲಜನಕ, ನಿಯಾನ್, ಸೋಡಿಯಂ, ಮೆಗ್ನೀಸಿಯಂ ಬಹುಪಾಲು ನಕ್ಷತ್ರದ ಪದರಗಳಲ್ಲೇ ಬೆಂದು ಕೂತಿರುತ್ತವೆ, ಸ್ಫೋಟ ಅವನ್ನು ಹೊರಗೆ ಎಸೆಯುತ್ತದೆ. ಸಾಣಿಕಟ್ಟಾದ ಗದ್ದೆಯಲ್ಲಿ ಕೆರೆದು ಗುಡ್ಡೆ ಹಾಕುವ ಉಪ್ಪಿನ ಸೋಡಿಯಂ ಹೀಗೆ ಬಂದಿದ್ದು. ಕವಳಕ್ಕೆ ಹಚ್ಚುವ ಸುಣ್ಣದ ಕ್ಯಾಲ್ಸಿಯಂ, ಅಂದರೆ ಅಘನಾಶಿನಿಯ ಬಳಚಿನ ಚಿಪ್ಪಿನಲ್ಲೂ ನಮ್ಮ ಮೂಳೆಯಲ್ಲೂ ಇರುವುದು, ಸ್ವಲ್ಪ ಒಳಗೆ ಬೆಂದಿದ್ದು, ಸ್ವಲ್ಪ ಸ್ಫೋಟದಲ್ಲಿ ಹುಟ್ಟಿದ್ದು. ಕ್ಯಾಸಿಯೋಪಿಯಾ-ಎ ಅನ್ನುವ ಸ್ಫೋಟದ ಅವಶೇಷ ಸುಮಾರು 11,000 ಜ್ಯೋತಿರ್ವರ್ಷ ದೂರದಲ್ಲಿದೆ. ಚಂದ್ರಶೇಖರರ ಹೆಸರಿನದೇ ಆದ ಚಂದ್ರ ಎಕ್ಸ್-ರೇ ದೂರದರ್ಶಕ ಅದರ ಒಂದೊಂದು ಧಾತುವನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸಿದೆ. ಗಂಧಕವೇ ಸುಮಾರು ಹತ್ತು ಸಾವಿರ ಭೂಮಿಗಳ ತೂಕದಷ್ಟು, ಆಮ್ಲಜನಕ ಹತ್ತು ಲಕ್ಷ ಭೂಮಿಗಳಷ್ಟು. ಮಗಳಿಗೆ ಆ ಚಿತ್ರ ತೋರಿಸಿ, ನನ್ನ ಈ ಉದ್ದ ಉತ್ತರಕ್ಕಿಂತ ಅದು ಚೆನ್ನಾಗಿದೆ.

ದೂರದಲ್ಲಿ ಕುಳಿತು ಇದೆಲ್ಲ ಹೇಗೆ ಗೊತ್ತಾಗುತ್ತದೆ ಅಂತ ಕೇಳಿಯೇ ಕೇಳುತ್ತಾಳೆ. ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದರೆ ಒಂದೊಂದು ಧಾತುವೂ ತನ್ನದೇ ಗೆರೆ ಬಿಟ್ಟಿರುತ್ತದೆ, ಹೆಬ್ಬೆಟ್ಟಿನ ಗುರುತಿನ ಹಾಗೆ. ಹೀಲಿಯಂ ಮೊದಲು ಸಿಕ್ಕಿದ್ದು ಭೂಮಿಯಲ್ಲಲ್ಲ, ಸೂರ್ಯನ ಬೆಳಕಿನಲ್ಲಿ. ಆ ಹಳದಿ ಗೆರೆ ಕಂಡಿದ್ದು 1868ರ ಆಗಸ್ಟ್ 18ರ ಗ್ರಹಣದ ಸುತ್ತಮುತ್ತ, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ದೂರದರ್ಶಕ ಹಿಡಿದು ಕೂತಿದ್ದ ಗ್ರಹಣ ಅದು. ಗ್ರಹಣ ಅಂದರೆ ನನಗೆ ಒಂದು ಹಳೆಯ ಸಿಟ್ಟಿದೆ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ಅಂಕೋಲಾ ಕಡೆಯಿಂದಲೇ ದೇಶದೊಳಗೆ ಬಂತು. ಪ್ರಪಂಚದ ವಿಜ್ಞಾನಿಗಳು ಕರ್ನಾಟಕಕ್ಕೆ ಬಂದಿದ್ದರು. ಹತ್ತು ವರ್ಷದ ನಾನು ಅಂಕೋಲಾದ ನೆಂಟರ ಮನೆಯಲ್ಲೇ ಇದ್ದೆ. ಮನೆಯವರು ಬಾಗಿಲು, ಕಿಟಕಿ ಎಲ್ಲ ಹಾಕಿ ಒಳಗೆ ಕೂರಿಸಿದರು. ಕೋಳಿ ಗೂಡು ಸೇರಿದ ಸದ್ದು ಮಾತ್ರ ಕೇಳಿತು.

ಈಗ ಬಂಗಾರ. ಕಬ್ಬಿಣದಿಂದ ಮುಂದೆ ಹೋಗಲು ಕೂಡಿಸುವ ದಾರಿ ಮುಚ್ಚಿದೆ, ಆದರೆ ಹಿತ್ತಲ ಬಾಗಿಲು ಒಂದಿದೆ. ನ್ಯೂಟ್ರಾನ್‌ಗೆ ಆವೇಶವೇ ಇಲ್ಲ, ಹಾಗಾಗಿ ಅದನ್ನು ಯಾರೂ ದೂಡುವುದಿಲ್ಲ, ಎಂಥ ದೊಡ್ಡ ನ್ಯೂಕ್ಲಿಯಸ್‌ನೊಳಗೂ ನುಸುಳುತ್ತದೆ. ಒಳಗೆ ಹೋದ ಮೇಲೆ ನ್ಯೂಟ್ರಾನ್ ಜಾಸ್ತಿ ಅನ್ನಿಸಿದರೆ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುತ್ತದೆ, ಆಗ ಧಾತುವೇ ಬದಲಾಯಿತು. ಇದು ಎರಡು ರೀತಿ ನಡೆಯುತ್ತದೆ. ಮಾಮೂಲಿ ದಿನ ಶಿರಸಿ ಬಸ್ಸು ನೋಡಿ: ಒಬ್ಬರು ಹತ್ತುತ್ತಾರೆ, ಸೀಟು ಹುಡುಕಿ ಕೂರುತ್ತಾರೆ, ಆಮೇಲೆ ಮುಂದಿನ ಸ್ಟಾಪಿನಲ್ಲಿ ಇನ್ನೊಬ್ಬರು. ಇದು ನಿಧಾನದ ದಾರಿ, ಮುದಿ ಕೆಂಪು ದೈತ್ಯ ನಕ್ಷತ್ರಗಳಲ್ಲಿ ಸಾವಿರಾರು ವರ್ಷ ನಡೆಯುತ್ತದೆ. ಬೇರಿಯಂನಲ್ಲಿ ಹೆಚ್ಚಿನದು, ಸೀಸದಲ್ಲಿ ಬಹಳಷ್ಟು ಇಲ್ಲಿಂದ ಬಂದಿದೆ. 1952ರಲ್ಲಿ ಪಾಲ್ ಮೆರಿಲ್ ಅನ್ನುವವರು ಇಂಥ ಕೆಲವು ನಕ್ಷತ್ರಗಳ ಬೆಳಕಿನಲ್ಲಿ ಟೆಕ್ನೀಷಿಯಂನ ಗೆರೆ ಕಂಡರು. ಟೆಕ್ನೀಷಿಯಂ ಎಷ್ಟು ಬಾಳಿದರೂ ಕೆಲವು ದಶಲಕ್ಷ ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ, ನಕ್ಷತ್ರದ ವಯಸ್ಸಿನ ಮುಂದೆ ಅದು ಏನೂ ಅಲ್ಲ. ಅಂದರೆ ಅದು ಅಲ್ಲೇ, ಈಚೆಗೆ ಹುಟ್ಟಿರಬೇಕು. ಧಾತುಗಳು ನಕ್ಷತ್ರದಲ್ಲಿ ಹುಟ್ಟುತ್ತವೆ ಅನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಾ?

ಇನ್ನೊಂದು ಮಾರಿಕಾಂಬಾ ಜಾತ್ರೆಯ ದಿನದ ಬಸ್ಸು. ಯಾರಿಗೂ ಕೂರುವ ಯೋಚನೆ ಇಲ್ಲ, ಒಬ್ಬರ ಮೇಲೊಬ್ಬರು ನುಗ್ಗುತ್ತಾರೆ, ಬಸ್ಸು ಹೊರಟು ಅರ್ಧ ದಾರಿ ಹೋದ ಮೇಲೆ ಯಾರು ಎಲ್ಲಿ ಅಂತ ಹೊಂದಿಕೆಯಾಗುತ್ತದೆ. ನ್ಯೂಟ್ರಾನ್‌ಗಳು ಹೀಗೆ ಒಂದೆರಡು ಸೆಕೆಂಡಿನಲ್ಲಿ ನೂರಾರು ನುಗ್ಗಿದರೆ ಬಂಗಾರ, ಪ್ಲಾಟಿನಂ, ಅಯೋಡಿನ್, ಯುರೇನಿಯಂ ಹುಟ್ಟುತ್ತವೆ. ನುಗ್ಗಲು ಅಷ್ಟು ನ್ಯೂಟ್ರಾನ್ ಎಲ್ಲಿದೆ? ಬಹಳ ಕಾಲ ಮಾಮೂಲಿ ನಕ್ಷತ್ರ ಸ್ಫೋಟದಲ್ಲೇ, ಅಂದರೆ ಸೂಪರ್‌ನೋವಾದಲ್ಲೇ ಇರಬೇಕು ಅಂತಿದ್ದರು, ಲೆಕ್ಕ ಹಾಕಿದರೆ ಸಾಕಾಗುತ್ತಿರಲಿಲ್ಲ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಸುತ್ತಿ ಸುತ್ತಿ ಡಿಕ್ಕಿ ಹೊಡೆದಾಗ ಎದ್ದ ಗುರುತ್ವ ಅಲೆ (ಜಾಗವನ್ನೇ ನಡುಗಿಸುತ್ತ ಬರುವ ಅಲೆ) ಅಮೆರಿಕದ ಲೈಗೋ, ಇಟಲಿಯ ವರ್ಗೋ ಉಪಕರಣಗಳಿಗೆ ಸಿಕ್ಕಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರ. ದೂರದರ್ಶಕಗಳು ಅತ್ತ ತಿರುಗಿದವು. ನೀಲಿಯಾಗಿ ಶುರುವಾದ ಹೊಳಪು ಕೆಲವೇ ದಿನಗಳಲ್ಲಿ ಕೆಂಪಾಯಿತು, ಭಾರದ ಧಾತುಗಳು ತುಂಬಿಕೊಂಡರೆ ಹೇಗಾಗಬೇಕೋ ಹಾಗೆ. 2019ರಲ್ಲಿ ಅದೇ ಬೆಳಕಿನಲ್ಲಿ ಸ್ಟ್ರಾನ್ಷಿಯಂ ಗುರುತಿಸಿದರು. ಆ ಒಂದು ಡಿಕ್ಕಿಯಲ್ಲಿ ಹಲವು ಭೂಮಿಗಳ ತೂಕದಷ್ಟು ಬಂಗಾರ ಹುಟ್ಟಿರಬೇಕು ಅನ್ನುವ ಅಂದಾಜಿದೆ. ಇದೊಂದೇ ಮೂಲ ಅಂತ ನಾನು ಹೇಳುವುದಿಲ್ಲ. 2004ರ ಡಿಸೆಂಬರ್ 27ರಂದು, ಅಂದರೆ ಸುನಾಮಿಯ ಮರುದಿನ, ಬಲವಾದ ಕಾಂತಶಕ್ತಿಯ ಒಂದು ನ್ಯೂಟ್ರಾನ್ ನಕ್ಷತ್ರ ಭಾರೀ ಕಿಡಿ ಕಾರಿತ್ತು. ಅದರಲ್ಲೂ ಇಂಥ ಧಾತುಗಳು ಹುಟ್ಟಿದ ಗುರುತು ಇದೆ ಅನ್ನುವ ವಿಶ್ಲೇಷಣೆ 2025ರಲ್ಲಿ ಬಂತು. ಹಾಗಾಗಿ ಓಲೆಯ ಬಂಗಾರ "ಸೂಪರ್‌ನೋವಾದಿಂದ" ಅಂತ ಯಾರಾದರೂ ಕಣ್ಣುಮುಚ್ಚಿ ಹೇಳಿದರೆ ಒಪ್ಪಬೇಡಿ.

ಯುರೇನಿಯಂ ಅಂದ ಮೇಲೆ ಕೈಗಾ ಬಿಡಲಾಗುವುದಿಲ್ಲ. ಕಾಳಿ ನದಿಯ ದಂಡೆಯಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಒಂದನೇ ಘಟಕ 2018ರ ಕೊನೆಗೆ ನಿಲ್ಲುವ ಮೊದಲು 962 ದಿನ ಬಿಡದೆ ಓಡಿ ಜಾಗತಿಕ ದಾಖಲೆ ಮಾಡಿತ್ತು. ಅಲ್ಲಿ ಉರಿಯುವುದು ಏನು? ನ್ಯೂಟ್ರಾನ್‌ಗಳನ್ನು ತುರುಕಿ ತುರುಕಿ ಮಾಡಿದ ನ್ಯೂಕ್ಲಿಯಸ್. ಅವತ್ತು ಒಳಗೆ ತುರುಕಿದ್ದನ್ನು ಇವತ್ತು ಒಡೆದು ಬಿಡಿಸಿಕೊಳ್ಳುತ್ತಿದ್ದೇವೆ. ಸೂರ್ಯ ಹುಟ್ಟುವ ಮೊದಲು, 460 ಕೋಟಿ ವರ್ಷಕ್ಕೂ ಹಿಂದೆ ಎಲ್ಲೋ ಕುಸಿದ ನಕ್ಷತ್ರದ ಭಾರ ಕೂಡಿಟ್ಟ ಶಕ್ತಿ ನಿಮ್ಮ ಮನೆಯ ಮಿಕ್ಸಿ ತಿರುಗಿಸುತ್ತಿದೆ. ಅದೇ ರಿಯಾಕ್ಟರಿನಲ್ಲಿ ಭಾರಜಲವೂ ಇದೆ. ಭಾರಜಲದ ಭಾರ ಹೈಡ್ರೋಜನ್, ಅಂದರೆ ಡ್ಯುಟೀರಿಯಂ, ಮಹಾಸ್ಫೋಟದ ಮೊದಲ ನಿಮಿಷಗಳದ್ದು. ನಕ್ಷತ್ರಗಳು ಅದನ್ನು ಮಾಡುವುದಿಲ್ಲ, ಸಿಕ್ಕರೆ ಸುಟ್ಟುಬಿಡುತ್ತವೆ. ಅಡುಗೆಯ ಮೊದಲ ಪಾತ್ರೆಯದ್ದೂ ಕೊನೆಯ ಪಾತ್ರೆಯದ್ದೂ ಒಂದೇ ಕಟ್ಟಡದಲ್ಲಿ! ಆ ದಾರಿಯಲ್ಲಿ ಹೋಗುವಾಗೆಲ್ಲ ಇದು ನೆನಪಾಗಿ ನಗು ಬರುತ್ತದೆ.

ಎಸೆದ ಧಾತುಗಳು ಆಮೇಲೆ ಎಲ್ಲಿಗೆ ಹೋಗುತ್ತವೆ ಅಂದರೆ, ಗೆಲಾಕ್ಸಿಯ ಅನಿಲದಲ್ಲಿ ಬೆರೆಯುತ್ತವೆ, ಆ ಅನಿಲದಿಂದ ಹೊಸ ನಕ್ಷತ್ರ, ಅದರ ಸುತ್ತ ಗ್ರಹಗಳು. ನಮ್ಮ ಕ್ಷೀರಪಥದಲ್ಲಿ ಶತಮಾನಕ್ಕೆ ಒಂದೆರಡು ಸೂಪರ್‌ನೋವಾ ಆಗುತ್ತವೆ. ಇಷ್ಟು ಕೋಟಿ ವರ್ಷ ಹೀಗೆ ಬೆರೆತರೂ ಸೂರ್ಯನ ತೂಕದಲ್ಲಿ ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದದ್ದೆಲ್ಲ ಸೇರಿ ನೂರಕ್ಕೆ ಎರಡು ಪಾಲೂ ಇಲ್ಲ. ಸಾರಿಗೆ ಹಾಕಿದ ಉಪ್ಪಿನಷ್ಟು. ಹಳೆಯ ನಕ್ಷತ್ರಗಳಲ್ಲಿ ಅದೂ ಇಲ್ಲ. ಅವುಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಆಮ್ಲಜನಕ, ಮೆಗ್ನೀಸಿಯಂ ಜಾಸ್ತಿ. ಯಾಕೆಂದರೆ ದೊಡ್ಡ ನಕ್ಷತ್ರಗಳು ಬೇಗ ಸಿಡಿದು ಆಮ್ಲಜನಕ ಕೊಟ್ಟವು, ಕಬ್ಬಿಣ ಕೊಡುವ ಶ್ವೇತಕುಬ್ಜಗಳಿಗೆ ಮೊದಲು ಸಾಯಲು, ಆಮೇಲೆ ಸಿಡಿಯಲು ತುಂಬ ಕಾಲ ಬೇಕಿತ್ತು. ಒಂದು ನಕ್ಷತ್ರದ ಬೆಳಕು ನೋಡಿ ಅದು ಗೆಲಾಕ್ಸಿಯ ಯಾವ ಕಾಲದ್ದು ಅಂತ ಅಂದಾಜು ಹೇಳಬಹುದು.

ಕೊನೆಗೆ ಅಪಾಯದ ಮಾತು. ಹತ್ತಿರದಲ್ಲಿ ಸಿಡಿಯಲು ಕಾದಿರುವ ದೊಡ್ಡ ನಕ್ಷತ್ರ ನಿಮ್ಮ ಮನೆಯ ಹಿರಿಯರಿಗೆ ಹೆಸರಿನಿಂದ ಗೊತ್ತು. ಆರಿದ್ರಾ ಮಳೆ ಅನ್ನುತ್ತೇವಲ್ಲ, ಜೂನ್ ಕೊನೆಗೆ ಹಿಡಿಯುವ ಮಳೆ, ಆ ಆರಿದ್ರಾ ನಕ್ಷತ್ರವೇ ಇಂಗ್ಲಿಷಿನವರ ಬೀಟಲ್‌ಜ್ಯೂಸ್. ಕೆಂಪು ಮಹಾದೈತ್ಯ. ಹೈಡ್ರೋಜನ್ ಮುಗಿಸಿ ಮುಂದಿನ ಪಾಕಕ್ಕೆ ಬಂದಿದೆ. 2019ರ ಕೊನೆಗೆ ಇದ್ದಕ್ಕಿದ್ದಂತೆ ಮಂಕಾದಾಗ ಈಗಲೇ ಸಿಡಿಯುತ್ತದೆ ಅಂತ ಗುಲ್ಲೆದ್ದಿತು, ನೋಡಿದರೆ ಅದೇ ಉಗುಳಿದ ಧೂಳು ಅಡ್ಡ ಬಂದಿತ್ತು. ಸಿಡಿಯುವುದು ಒಂದು ಲಕ್ಷ ವರ್ಷದೊಳಗೆ ಯಾವಾಗಲಾದರೂ. ಸಿಡಿದರೆ ಹಗಲಲ್ಲೂ ಕಾಣುತ್ತದೆ, ರಾತ್ರಿ ಅರ್ಧಚಂದ್ರನಷ್ಟು ಬೆಳಕು ಕೊಡಬಹುದು. ಅಪಾಯ ಇಲ್ಲ, ದೂರ 500 ಜ್ಯೋತಿರ್ವರ್ಷಕ್ಕೂ ಹೆಚ್ಚು. ತೊಂದರೆ ಆಗಬೇಕಾದರೆ ಕೆಲವು ಹತ್ತು ಜ್ಯೋತಿರ್ವರ್ಷದೊಳಗೆ ಸಿಡಿಯಬೇಕು, ಅಲ್ಲಿ ಅಂಥ ದೊಡ್ಡ ನಕ್ಷತ್ರ ಯಾವುದೂ ಇಲ್ಲ. ಹಿಂದೆ ಸ್ವಲ್ಪ ಹತ್ತಿರದಲ್ಲಿ ಸಿಡಿದಿದ್ದಕ್ಕೆ ಗುರುತಿದೆ. ಪೆಸಿಫಿಕ್ ಸಮುದ್ರದ ಆಳದ ಕಲ್ಲಿನ ಪೊರೆಯಲ್ಲಿ ಕಬ್ಬಿಣ-60 ಸಿಕ್ಕಿದೆ. ಅದರ ಅರ್ಧಾಯುಷ್ಯ 26 ಲಕ್ಷ ವರ್ಷ, ಭೂಮಿ ಹುಟ್ಟಿದಾಗ ಇದ್ದದ್ದು ಎಂದೋ ಮುಗಿದಿರಬೇಕು. ಹಾಗಾಗಿ ಅದು ಸುಮಾರು 20ರಿಂದ 30 ಲಕ್ಷ ವರ್ಷಗಳ ಹಿಂದೆ ಮೇಲಿನಿಂದ ಉದುರಿದ್ದು. ಆಗ ಆಫ್ರಿಕಾದಲ್ಲಿ ನಮ್ಮ ಪೂರ್ವಜರು ಇದ್ದರು, ಬದುಕಿಯೂ ಉಳಿದರು.

ಆರಿದ್ರಾ ಮಳೆಯ ಹೊತ್ತಿಗೆ ಆರಿದ್ರಾ ನಕ್ಷತ್ರ ಕಾಣುವುದಿಲ್ಲ, ಸೂರ್ಯನ ಹತ್ತಿರ ಇರುತ್ತದೆ, ಮೇಲೆ ಮೋಡ ಬೇರೆ. ಮಾರ್ಚ್ ಕೊನೆಯಲ್ಲಿ, ಮಗಳ ಪರೀಕ್ಷೆ ಮುಗಿದ ಮೇಲೆ, ರಾತ್ರಿ ಎಂಟೂವರೆಗೆ ಸಮುದ್ರದ ಕಡೆ ಕರೆದುಕೊಂಡು ಹೋಗಿ. ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಸಾಲಾಗಿ ಮೂರು ಚುಕ್ಕೆ ಕಾಣುತ್ತವೆ. ಅವಕ್ಕಿಂತ ಸ್ವಲ್ಪ ಬಲಕ್ಕೆ, ಮೇಲೆ, ಕೆಂಡದ ಬಣ್ಣದ್ದು ಒಂದಿದೆ. ಅದೇ.